ಹಾಲೇಶ ಲಿನಕ್ಸ್ ಹಾಕಿದ್ದು

ಹರಿಹರದ ಬಸ್‌ಸ್ಟ್ಯಾಂಡಿನ ಹಿಂದೆ ಒಬ್ಬ ತಾಯಿ, ಆ ತಾಯಿಗೊಬ್ಬ ಮಗ. ತಾಯಿ ಕೊಟ್ರಮ್ಮ, ಲಗ್ನಪತ್ರಿಕೆ ಛಾಪಿಸುವ ಅಂಗಡಿಯವಳು. ಮಗ ಹಾಲೇಶ, ಹೇಳಿದ್ದನ್ನ ಹೇಳಿದ ಹಾಗೇ ಮಾಡುವವನು. ಕೂತ್ಕೋ ಅಂದರೆ ಕೂರುವನು, ಏಳು ಅನ್ನುವ ತನಕ ಏಳನು. “ಇಂಥ ಮಾತು ಕೇಳೋ ಮಗ ಯಾರಿಗುಂಟು!” ಅಂತ ಬೀದಿಗೆಲ್ಲ ಹೇಳುವಳು ಕೊಟ್ರಮ್ಮ. ಒಳಗೆ ಬಂದು ಹಣೆ ಚಚ್ಚಿಕೊಳ್ಳುವಳು.

ಲಗ್ನದ ಕಾಲಕ್ಕೇ ಸರಿಯಾಗಿ ಅಂಗಡಿಯ ಕಂಪ್ಯೂಟರು ಮುನಿಸಿಕೊಂಡಿತು. ವಧುವಿನ ಹೆಸರು ಹೊಡೆದರೆ ನಿಂತಿತು. ವರನ ಹೆಸರು ಹೊಡೆದರೆ ಮತ್ತೆ ನಿಂತಿತು. ಹೀಗೇ ಆದರೆ ಈ ಸಲದ ಲಗ್ನಗಳೆಲ್ಲ ಎದುರಂಗಡಿಯ ಪಾಲು!

ಪಾಲಿಟೆಕ್ನಿಕ್ಕಿನ ಶಿವಲೀಲಾ ಮೇಡಂ ಬಂದು ನೋಡಿದರು. “ಮಿಷನ್ ಗಟ್ಟಿ ಐತಿ ಕೊಟ್ರಮ್ಮ, ಒಳಗೆ ಅದನ್ನ ನಡೆಸೋ ಸಾಫ್ಟ್‌ವೇರ್ ಬದಲಿಸು. ಲಿನಕ್ಸ್ ಹಾಕು. ಪುಕ್ಕಟೆ ಸಿಗ್ತದೆ, ಬಲ್ಲವರು ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಬಗೆ ಮಾತ್ರ ಹತ್ತಾರು. ಆರಿಸೋದರಲ್ಲೇ ಇರೋದು ಜಾಣತನ.”

ಕೊಟ್ರಮ್ಮ ಮಗನನ್ನ ಕೂಗಿದಳು. “ಹಾಲೇಶ, ಮೇಡಂ ಮನೆಗೆ ಹೋಗು. ಥಳಕಿನದು ಬೇಡ, ದಿನಕ್ಕೊಂದು ವೇಷ ಹಾಕೋದು ಬೇಡ. ಹೊಸಬರ ಕೈಗೆ ಒಗ್ಗೋದು, ವರ್ಷಗಟ್ಟಲೆ ಅಲುಗದೆ ನಿಲ್ಲೋದು, ಅಂಥಾದ್ದು ಕೇಳಿ ತಾ. ತಂದ ಕೂಡಲೇ ಪೂಜೆ ಮಾಡು.”

ಹೋದ. ಹೇಳಿದಂತೆಯೇ ಕೇಳಿದ. ಮೇಡಂ ಪೆನ್‌ಡ್ರೈವಿಗೆ ಹಾಕಿ ಕೊಟ್ಟರು. ತಂದ. ಪೂಜೆ ಅಂದರೆ ಮೊದಲು ಸ್ನಾನ ತಾನೆ? ಹಾಲಲ್ಲಿ ಮೀಯಿಸಿದ, ನೀರಲ್ಲಿ ಮೀಯಿಸಿದ, ಮೂತಿಗೆ ವಿಭೂತಿ ಮೆತ್ತಿ ಕೈಮುಗಿದ. ಪೆನ್‌ಡ್ರೈವ್ ಶಿವನ ಪಾದ ಸೇರಿತು.

“ಅಯ್ಯೋ ನನ್ನ ಕರ್ಮವೇ! ಹೊಸದು ಬಂದರೆ ತೊಳೆಯೋದಲ್ಲೋ, ಓಡಿಸಿ ನೋಡೋದು! ಒಳಗೆ ಇಳಿಸದೇನೇ ನಾಕು ದಿನ ಓಡಿಸಿ ನೋಡಬಹುದಂತೆ. ಒಗ್ಗಿದರೆ ಇಟ್ಕೋ, ಒಗ್ಗದಿದ್ದರೆ ಬಿಡು!”

“ಮೊದಲೇ ಹೇಳಬಾರದಿತ್ತಾ ಅವ್ವ! ಹಂಗೇ ಮಾಡ್ತೀನಿ.”

ಅವ್ವ ಇನ್ನೊಂದು ಪೆನ್‌ಡ್ರೈವ್ ಬೇಡಿ ತರಲು ಹೋದಳು. ಅಷ್ಟರಲ್ಲಿ ರುದ್ರೇಶಪ್ಪ ಬಂದ. ದೊಡ್ಡ ಕುಳ. ಅವನು ಎಲ್ಲಿ ಛಾಪಿಸಿದರೆ ಅವನ ಬಳಗವೆಲ್ಲ ಅಲ್ಲೇ. ಕೈಯಲ್ಲಿ ದೊಡ್ಡ ಮಗಳ ಹಳೇ ಲಗ್ನಪತ್ರಿಕೆ.

“ತಮ್ಮಾ, ಸಣ್ಣ ಮಗಳದ್ದೂ ಇದರಂಗೇ ಆಗಬೇಕು. ಹೆಸರು, ತಾರೀಖು ಬದಲು ಅಷ್ಟೇ. ಹೊಸ ಅಳಿಯ ಬರ್ತಿದಾನೆ!”

“ಹೊಸಬನಾ?” ಹಾಲೇಶ ಎದ್ದು ನಿಂತ. “ಅವಸರ ಬೇಡ ಮಾವ! ಮನೆಯೊಳಗೆ ಇಳಿಸಬೇಡಿ. ಕಟ್ಟೆ ಮೇಲೇ ನಾಕು ದಿನ ಓಡಿಸಿ ನೋಡಿ. ಒಗ್ಗಿದರೆ ಇಟ್ಕೊಳ್ಳಿ, ಒಗ್ಗದಿದ್ದರೆ ಬಿಡಿ!”

ರುದ್ರೇಶಪ್ಪ ಎದುರಂಗಡಿಯತ್ತ ದಾಪುಗಾಲು ಹಾಕಿದ. ಮರಳಿ ಬರುತ್ತಿದ್ದ ಕೊಟ್ರಮ್ಮ ರಸ್ತೆ ನಡುವೆ ಅಡ್ಡ ನಿಂತು, ಅಣ್ಣಾ ಅಪ್ಪಾ ಅಂದು ಹಿಂದಕ್ಕೆ ಕರೆತಂದಳು. “ನಾಳೆ ಮಧ್ಯಾಹ್ನ ಬರ್ತೀನಿ ತಂಗಿ. ಮೊದಲ ಪತ್ರಿಕೆ ಮನೆದೇವರ ಮುಂದೆ ಇಡಬೇಕು. ತಪ್ಪಿದರೆ ಇತ್ತ ತಲೆಹಾಕಲ್ಲ!”

ಅವನು ಹೋದ ಮೇಲೆ ಮಗನಿಗೆ ಪೂಜೆ. “ದೊಡ್ಡವರಿಗೆ ಬುದ್ಧಿ ಹೇಳ್ತೀಯೇನೋ ಮಂಕೇ! ಏನು ಕೇಳಿದರೂ ಆಗ್ಲಿ ಅನ್ನು, ಸಾಕು!”

“ಮೊದಲೇ ಹೇಳಬಾರದಿತ್ತಾ ಅವ್ವ! ಹಂಗೇ ಮಾಡ್ತೀನಿ.”

ಹೊಸ ಪೆನ್‌ಡ್ರೈವ್ ಚುಚ್ಚಿ ಓಡಿಸಿ ನೋಡಿದರು. ಒಗ್ಗಿತು. “ಒಳಗೆ ಇಳಿಸು ಮಗಾ” ಅಂದು ಕೊಟ್ರಮ್ಮ ರೊಟ್ಟಿ ತಟ್ಟಲು ಹೋದಳು. ಕಂಪ್ಯೂಟರು ಕೇಳಿತು: ಕನ್ನಡ ಬೇಕೆ? ಆಗ್ಲಿ. ಗಡಿಯಾರ ಇಲ್ಲಿಯದೇ ಇರಲೆ? ಆಗ್ಲಿ. ಹಳೆಯದನ್ನೆಲ್ಲ ಅಳಿಸಲೆ? ಆಗ್ಲಿ, ಆಗ್ಲಿ!

ಕೊಟ್ರಮ್ಮ ವರ್ಷಗಳಿಂದ ಕೂಡಿಟ್ಟ ಗಣಪತಿ, ಬಳ್ಳಿಯಂಚು, ಬಾಳೆಕಂಬದ ಚಿತ್ರಗಳು, ಎಲ್ಲ ಮಾಯ!

“ಮನೆ ಗುಡಿಸಿ ಹಾಕಿದೆಯಲ್ಲೋ! ಹಳೇದನ್ನ ಅಳಿಸಬಾರದು! ಹೊಸದನ್ನ ಅದರ ಪಕ್ಕದಲ್ಲೇ ಹಾಕಬೇಕು! ಮಿಷನ್ ಹಚ್ಚಿದಾಗ ಯಾವುದು ಬೇಕು ಅಂತ ಅದೇ ಕೇಳುತ್ತೆ, ಬೇಕಾದವರು ಬೇಕಾದ್ದನ್ನ ಆರಿಸ್ಕೊಳ್ತಾರೆ!”

“ಮೊದಲೇ ಹೇಳಬಾರದಿತ್ತಾ ಅವ್ವ!”

ಅತ್ತರೆ ಆಗುವುದೇನು? ಮರುದಿನ ಬೆಳಗ್ಗೆ ರುದ್ರೇಶಪ್ಪನ ಹಳೇ ಪತ್ರಿಕೆ ಎದುರಿಗಿಟ್ಟುಕೊಂಡು ಅದರಂತೆಯೇ ಹೊಡೆಯಲು ಕೂತಳು. ಹೊಡೆದಳು, ಹೊಡೆದಳು... ಕಂಪ್ಯೂಟರು ನಿಲ್ಲಲೇ ಇಲ್ಲ! ಒತ್ತಕ್ಷರ ಕೂಡ ಮುತ್ತಿನ ಹಾಗೆ ಬಂತು. ಸಣ್ಣ ಮಗಳ ಹೆಸರು ಹಾಕಿದಳು, ತಾರೀಖು ತಿದ್ದಿದಳು. ಎದೆ ತುಂಬಿ ಬಂತು.

“ಏನೇ ಆಗಲಿ, ಹಾಕಿದ್ದು ನೀನು. ನಿನ್ನ ಕೈಯಿಂದಲೇ ಮುಗೀಲಿ. ಇಲ್ಲಿ ಹಳೇ ಅಳಿಯ ಓಂಕಾರಪ್ಪ ಇದ್ದಾನಲ್ಲ, ಹೊಸ ಅಳಿಯ ತಿಪ್ಪೇಶನ ಹೆಸರು ಹಾಕು, ಛಾಪಿಸು.” ಅಂದವಳೇ ಬೀದಿಗಿಳಿದಳು. “ಅಲುಗಲ್ಲ, ನಿಲ್ಲಲ್ಲ! ನನ್ನ ಮಗನೇ ಹಾಕಿದ್ದು!”

ಮಧ್ಯಾಹ್ನ ರುದ್ರೇಶಪ್ಪ ಬಂದ. ಹಿಂದೆ ದೊಡ್ಡಳಿಯ ಓಂಕಾರಪ್ಪನೂ ಬಂದ. ಪತ್ರಿಕೆಗಳ ಕಟ್ಟು ಸಿದ್ಧ. “ಭಲೆ ತಂಗಿ, ಎಷ್ಟು ಚೊಕ್ಕ ಐತಿ!” ಅಂತ ರುದ್ರೇಶಪ್ಪ ಗಟ್ಟಿಯಾಗಿ ಓದಿದ: “ವಧು, ಚಿ. ಸೌ. ಅನ್ನಪೂರ್ಣ. ವರ, ಚಿ. ಓಂಕಾರಪ್ಪ, ಚಿ. ತಿಪ್ಪೇಶ...” ಪತ್ರಿಕೆ ಕಣ್ಣ ಹತ್ತಿರ ಹಿಡಿದ. “ನಮ್ಮ ದೊಡ್ಡಳಿಯನಿಗೆ ಇಲ್ಲೇನು ಕೆಲಸ?”

ದೊಡ್ಡಳಿಯ ಮೆಲ್ಲಗೆ ಕ್ರಾಪು ಸರಿಮಾಡಿಕೊಂಡ.

ಕೊಟ್ರಮ್ಮ ಪತ್ರಿಕೆ ಕಿತ್ತುಕೊಂಡು ನೋಡಿದಳು. ಸೆರಗು ಬಿಗಿದಳು. “ಕೂತ್ಕೋ ರುದ್ರೇಶಣ್ಣ, ಚಾ ಕುಡಿ. ನಿನ್ನ ಚಾ ಆರೋದರೊಳಗೆ ಹೊಸದು ಕೊಡ್ತೀನಿ. ನನ್ನ ಮಿಷನ್ ಈಗ ನಿಲ್ಲೋ ಮಿಷನ್ ಅಲ್ಲ!”

ರುದ್ರೇಶಪ್ಪ ಕೂತ. ಮಿಷನ್ ನಿಲ್ಲಲಿಲ್ಲ. ಎದುರಂಗಡಿಯವರು ಬಂದು ನಿಂತು ನೋಡಿದರು.

ಹಾಲೇಶ ಮಾತ್ರ ಎದೆ ಸೆಟೆಸಿ ರುದ್ರೇಶಪ್ಪನ ಕಿವಿಯಲ್ಲಿ ಹೇಳುತ್ತಿದ್ದ: “ಹಳೇದನ್ನ ಅಳಿಸಬಾರದು ಮಾವ, ಪಕ್ಕದಲ್ಲೇ ಹಾಕೀನಿ. ಮಂಟಪದಲ್ಲಿ ಯಾರು ಬೇಕು ಅಂತ ಕೇಳ್ತಾರೆ, ಅನ್ನಪೂರ್ಣಕ್ಕ ಆರಿಸ್ಕೊಳ್ಳಲಿ!”