ಉಸಿರುಗಂಡಿ

ಹೊಳೆ ಕಡಲು ಸೇರುವ ಅಳಿವೆಯ ದಡದಲ್ಲಿ, ಕುಂಬಾರರ ಕೇರಿಯ ಹಿಂದೆ, ಕೆಮ್ಮಣ್ಣಿನ ದಿಬ್ಬವೊಂದಿದೆ. ಅದರ ಹೆಸರು ಉಸಿರುಗಂಡಿ. ಕಡಲಗಾಳಿ ಚೆನ್ನಾಗಿ ಬೀಸುವುದರಿಂದ ಆ ಹೆಸರು ಬಂತೆಂದು ಹೊಸಬರು ತಿಳಿಯುತ್ತಾರೆ. ಕೇರಿಯ ಹಿರಿಯರು ನಕ್ಕು, ಅವರನ್ನು ಕೂರಿಸಿ ಮಾಚವ್ವೆಯ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ, ಯವನರ ಹಡಗುಗಳು ಇಲ್ಲಿಗೆ ಬರುತ್ತಿದ್ದ ಕಾಲದಲ್ಲಿ, ನಿಕಿಯನೆಂಬ ಗ್ರೀಕ್ ಕುಂಬಾರ ಜ್ವರ ಬಂದು ಇಲ್ಲೇ ಉಳಿದನಂತೆ. ಗಂಜಿ ಕುಡಿಸಿ ಬದುಕಿಸಿದವಳು ಕೇರಿಯ ಯಜಮಾನಿ ಮಾಚವ್ವೆ. ಮನಸ್ಸು ಕೊಟ್ಟವಳು ಅವಳ ಒಬ್ಬಳೇ ಮಗಳು ಸಿಂಗವ್ವೆ. ಆದರೆ ವರನ ಕೈಯ ಗಡಿಗೆ ಕೇರಿಯ ಮಡಕೆ ಸುಡುವ ಆವಿಗೆಯಲ್ಲಿ ಸರಿಯಾಗಿ ಬೆಂದರೆ ಮಾತ್ರ ಹೆಣ್ಣು ಕೊಡುವುದು ಅಲ್ಲಿನ ಕಟ್ಟಳೆ. ಇಲ್ಲವಾದರೆ ಗಾಳಿ ತಿರುಗಿದೊಡನೆ ನಿಕಿಯನು ಹಡಗು ಹತ್ತಬೇಕು. “ಅವ ಹೋದ್ರೆ ನಾನೂ ಹೋಗ್ತೆ” ಎಂದು ಮಗಳು ಹೇಳಿಬಿಟ್ಟಳು. ಕಟ್ಟಳೆಯನ್ನು ಎಲ್ಲರೆದುರು ಗಟ್ಟಿಯಾಗಿ ಸಾರಿದ್ದ ಮಾಚವ್ವೆ ಈಗ ಅದನ್ನು ಹಿಂತೆಗೆಯುವಂತಿರಲಿಲ್ಲ.

ನಿಕಿಯನು ತಿಳಿಮಣ್ಣಿನ ನೀರಿನಲ್ಲಿ ಗಡಿಗೆಯ ಮೇಲೆ ಕುದುರೆ ಬರೆದು, ಸೂಜಿಯಿಂದ ಗೀಚಿ ಅದರ ಕೇಸರ ಬಿಡಿಸಿದ. ಮಣ್ಣಿನ ಮೇಲೆ ಮಣ್ಣು, ಚಿತ್ರ ಕಾಣಿಸಲೇ ಇಲ್ಲ. “ಕುದುರೆ ಮೇಯಲಿಕ್ಕೆ ಹೋಗಿದ್ಯಾ?” ಎಂದು ಕೇರಿ ನಕ್ಕಿತು. ಗಡಿಗೆಯನ್ನು ಆವಿಗೆಯಲ್ಲಿಟ್ಟು, ಬೆಂಕಿ ಚೆನ್ನಾಗಿ ಹತ್ತಿದ ಮೇಲೆ ಅವನು ಹಸಿ ಹೊನ್ನೆಸೊಪ್ಪು ತುರುಕಿ, ಗಾಳಿಗಂಡಿಗೆ ಕಲ್ಲು ಮುಚ್ಚಿದ. ಉಸಿರು ಕಟ್ಟಿದರೆ ಎಲ್ಲವೂ ಕಪ್ಪಾಗುತ್ತದೆ, ಆಮೇಲೆ ತೆರೆದರೆ ಗಡಿಗೆ ಕೆಂಪಿಗೆ ಮರಳಿ ಕುದುರೆ ಮಾತ್ರ ಕಪ್ಪಾಗಿ ಉಳಿಯುತ್ತದೆ ಎಂದು ತನ್ನ ಹರಕು ಮಾತಿನಲ್ಲಿ ವಿವರಿಸಿದ. ಹೊತ್ತಿಸಿದ ಬೆಂಕಿಯ ಉಸಿರು ಕಟ್ಟುವುದೆಂದರೆ ಆ ಕೇರಿಯಲ್ಲಿ ಬಸುರಿಯನ್ನು ಹಸಿವಿನಲ್ಲಿ ಕೂರಿಸಿದಷ್ಟು ಪಾಪ. ಮಾಚವ್ವೆ ಹಲ್ಲು ಕಚ್ಚಿ ಕುಳಿತಳು. ಕರಿಹೊಗೆ ಬುಸುಗುಟ್ಟಿದಂತೆಲ್ಲ ಅವಳು ಕುಳಿತಲ್ಲೇ ಗಂಡಿಯ ಹತ್ತಿರ ಸರಿದಳು. ಕೊನೆಗೆ ತಡೆಯಲಾರದೆ ಎದ್ದು, “ಸಾಕು ಮಾರಾಯ, ಅದಕ್ಕೂ ಜೀವ ಉಂಟು” ಎಂದವಳೇ ಕಲ್ಲನ್ನು ಒದ್ದು ಉರುಳಿಸಿದಳು. ಇನ್ನೂ ಸ್ವಲ್ಪ ಹೊತ್ತು ಬೇಕಿತ್ತು. ನಿಕಿಯನು ತಲೆಯ ಮೇಲೆ ಕೈಹೊತ್ತು ಕುಳಿತ. ಮಗಳನ್ನು ತಾನೇ ಹಡಗು ಹತ್ತಿಸಿದೆನೆಂದು ಮಾಚವ್ವೆ ಬಾಯಿಗೆ ಸೆರಗು ಒತ್ತಿ ಅತ್ತಳು.

ಆವಿಗೆ ಆರಿ ಗಡಿಗೆ ಹೊರಬಂದಾಗ, ಕೆಂಪು ಮೈಯ ಮೇಲೆ ಕಪ್ಪು ಕುದುರೆ ಮಿರಮಿರನೆ ಮಿಂಚುತ್ತಿತ್ತು. ಬೇಗ ಗಾಳಿ ತಾಗಿ ಬಾಲ ಮಾತ್ರ ಕೆಂಪಾಗಿತ್ತು. ಇದು ಬೆಂದದ್ದೋ ಕೆಟ್ಟದ್ದೋ ಎಂದು ಹಿರಿಯರು ಗುಸುಗುಟ್ಟಿದರು. ನಿಕಿಯನು ಕುದುರೆಯ ಬಾಲ ತೋರಿಸಿ, “ಇಷ್ಟು ಅತ್ತೆ ಬರೆದದ್ದು” ಎಂದ. ಮಾಚವ್ವೆಗೆ ಅಳುವಿನ ನಡುವೆಯೇ ನಗು ಬಂತು. “ಅತ್ತೆ ಅಂದಾಯ್ತಲ್ಲ, ಒಳಗೆ ಬಾ, ಉಣ್ಣು” ಎಂದಳು. ಆ ಆವಿಗೆ ಇದ್ದ ಜಾಗವೇ ಉಸಿರುಗಂಡಿ ಎನ್ನುತ್ತಾರೆ.

ದಿಬ್ಬ ನೋಡಿ ಕೇರಿಗೆ ಇಳಿದವರಿಗೆ ಇಂದಿಗೂ ಮನೆಮನೆಯ ಜಗಲಿಯಲ್ಲಿ ಕೆಂಬಾಲದ ಕರಿಗುದುರೆಯ ಗಡಿಗೆಗಳು ಕಾಣುತ್ತವೆ. ಬಾಲವನ್ನೂ ಕಪ್ಪಾಗಿಸಬಲ್ಲವರು ಅಲ್ಲಿ ಬೇಕಾದಷ್ಟು ಜನರಿದ್ದಾರೆ. ಯಾರೂ ಹಾಗೆ ಮಾಡುವುದಿಲ್ಲ.