ಬಿದ್ದ ಸೌದೆ ಯಾರದ್ದು

ಮಂಜಿನಗಡದ ದೊರೆ ಕುಮಾರನಾಯಕನಿಗೆ ಮಲ್ಲರಾಜ ಎಂಬ ಮೈದುನನಿದ್ದ. ರಾಣಿಯ ತಮ್ಮನೆಂಬ ಒಂದೇ ಯೋಗ್ಯತೆಯ ಮೇಲೆ ಕಾಡಿನ ಪಾರುಪತ್ಯ ಅವನ ಕೈಗೆ ಬಂದಿತ್ತು.

ಚಳಿಗಾಲದ ಮೊದಲಲ್ಲಿ ಅವನು ತುಂಬಿದ ಸಭೆಯಲ್ಲಿ ಮೀಸೆ ತಿರುವಿ ಹೇಳಿದ: “ಭಾವ, ಇನ್ನು ನಿಮ್ಮ ಕಾಡಿನ ಒಂದು ಕಡ್ಡಿಯನ್ನೂ ಯಾರೂ ಒಯ್ಯಲಾರರು. ನಿಂತ ಮರ ಅರಮನೆಯದು, ಒಣಗಿ ಬಿದ್ದ ಚಕ್ಕೆಯೂ ಅರಮನೆಯದು. ಮುಟ್ಟಿದವರಿಗೆ ಛಡಿಯೇಟು. ಡಂಗುರ ಹೊಡೆಸಿಬಿಟ್ಟಿದ್ದೇನೆ.”

“ಜನ ಚಳಿಗೆ ಏನು ಮಾಡಬೇಕು?”

“ನನ್ನ ಸೌದೆ ಮಂಡಿಗೆ ಬರಲಿ. ದುಡ್ಡು ಕೊಟ್ಟು ಒಯ್ಯಲಿ.”

ಹೇಗೂ ಕಾಡು ಉಳಿಯುತ್ತದಲ್ಲ ಎಂದುಕೊಂಡು ದೊರೆ ತಲೆಯಾಡಿಸಿದ.

ಎಲ್ಲದಕ್ಕೂ ಒಂದು ಮಾತು ಸೇರಿಸುವ ಆಸ್ಥಾನದ ವಿದೂಷಕ ಬೊಮ್ಮರಸ ಅಂದು ಸಭೆ ಮುಗಿಯುತ್ತಲೇ ಮನೆಗೆ ಹೊರಟ. ಅವನ ಚಿಂತೆ ಮನೆಯ ಕಡೆಗಿತ್ತು. ಮಗಳು ಹೆರಿಗೆಗೆ ಬಂದಿದ್ದಳು, ಕೂಸು ಹುಟ್ಟಿ ವಾರವಾಗಿತ್ತು. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆ ಆರುವಂತಿಲ್ಲ, ಬಚ್ಚಲ ಹಂಡೆ ತಣ್ಣಗಾಗುವಂತಿಲ್ಲ. ಮಂಡಿಯಿಂದ ತಂದ ಸೌದೆಯೋ, ಮೊನ್ನೆ ಮೊನ್ನೆ ಕಡಿದ ಹಸಿ ಮರ. ಒಲೆಗಿಟ್ಟರೆ ಸುಸ್ ಎಂದು ನೊರೆ ಕಾರುತ್ತಿತ್ತೇ ಹೊರತು ಉರಿ ಹಿಡಿಯುತ್ತಿರಲಿಲ್ಲ. ಹೊಗೆಗೆ ಕೂಸು ಕೆಮ್ಮುತ್ತಿತ್ತು.

ಒಂದು ಬೆಳಿಗ್ಗೆ ಕೂಸಿಗೆ ನೀರೆರೆಯಲು ಬಂದ ಸೂಲಗಿತ್ತಿ ದ್ಯಾವವ್ವ ಬಗ್ಗಲಾರದೆ ಗೋಡೆ ಹಿಡಿದು ನಿಂತಳು.

“ಬೆನ್ನಿಗೇನಾಯಿತವ್ವ?” ಎಂದ ಬೊಮ್ಮರಸ.

“ದಾರೀಲಿ ಒಣಕೊಂಬೆ ಬಿದ್ದಿತ್ತು ಬುದ್ಧಿ. ಕೂಸಿನ ನೀರಿಗಾಗ್ತದೆ ಅಂತ ಎತ್ಕೊಂಡೆ. ಮಲ್ಲರಾಜಪ್ಪನೋರ ಆಳುಗಳು ನೋಡಿಬಿಟ್ರು.”

ಬೊಮ್ಮರಸ ಅರಮನೆಗೆ ಹೋಗಿ ಕೂಗಾಡಬಹುದಿತ್ತು. ಆದರೆ ರಾಣಿಯ ತಮ್ಮನ ಮೇಲೆ ದೂರು ಹೇಳಿದರೆ ದೊರೆಗೆ ಇದ್ದಕ್ಕಿದ್ದಂತೆ ಕಿವಿ ಮಂದವಾಗುತ್ತಿತ್ತು. ಅವನು ದ್ಯಾವವ್ವನಿಗೆ ಹೇಳಿದ:

“ಇನ್ನು ಮುಂದೆ ಯಾರೂ ಬಿದ್ದ ಸೌದೆ ಮುಟ್ಟಬೇಡಿ. ನಿನಗೆ ಗೊತ್ತಿರುವ ಮನೆಗಳಿಗೆಲ್ಲ ಹೇಳು, ಮಿಕ್ಕವಕ್ಕೆ ನಾನು ಹೇಳುತ್ತೇನೆ. ಬಾಗಿಲಿಗೇ ಅಡ್ಡ ಬಿದ್ದಿದ್ದರೂ ದಾಟಿಕೊಂಡು ಹೋಗಲಿ.”

“ನೀವೂ ಅವರ ಕಡೀಗೇ ಸೇರಿಬಿಟ್ರಾ ಬುದ್ಧಿ?”

“ಸದ್ಯಕ್ಕೆ ಹಾಗಂತಲೇ ತಿಳಿದುಕೋ.”

ಅಷ್ಟರಲ್ಲಿ ರಾಜಕುಮಾರಿಯನ್ನು ನೋಡಲು ಗಂಡಿನ ಕಡೆಯವರು ಬರುವುದೆಂದು ಗೊತ್ತಾಯಿತು. ಅವರು ಬರುವ ಹಿಂದಿನ ದಿನ ಬೆಟ್ಟದ ಮೇಲೆ ಎಂಥ ಗಾಳಿ ಬೀಸಿತೆಂದರೆ, ಬೆಳಗಾಗುವಷ್ಟರಲ್ಲಿ ಊರಿನ ಬೀದಿಗಳೆಲ್ಲ ಮುರಿದ ಒಣಕೊಂಬೆಗಳ ಕೆಳಗೆ ಮುಚ್ಚಿಹೋಗಿದ್ದವು. ಕೋಟೆ ಬಾಗಿಲಿಗೆ ಸರಿಯಾಗಿ ಒಣಗಿ ನಿಂತಿದ್ದ ಒಂದು ಮುದಿ ಮತ್ತಿಮರ ಅಡ್ಡ ಮಲಗಿತ್ತು.

ದೊರೆ ಉಪ್ಪರಿಗೆಯಿಂದ ನೋಡಿದ. ಹೆಂಗಸರು ಕೊಡ ಹೊತ್ತು ಕೊಂಬೆಗಳನ್ನು ಹತ್ತಿಳಿಯುತ್ತಿದ್ದರು. ಪುರೋಹಿತರು ಪಂಚೆ ಎತ್ತಿಕಟ್ಟಿ ಹಾರುತ್ತಿದ್ದರು. ಒಬ್ಬ ಮನೆಯ ಬಾಗಿಲು ಬಿಟ್ಟು ಕಿಟಕಿಯಿಂದ ಹೊರಗಿಳಿಯುತ್ತಿದ್ದ. ಒಂದು ಕಡ್ಡಿಯನ್ನಾದರೂ ಸರಿಸುವವರಿಲ್ಲ.

“ನಮ್ಮ ಸಿಪಾಯಿಗಳೆಲ್ಲಿ?” ಎಂದು ದಳವಾಯಿಯನ್ನು ಕೇಳಿದ.

“ಕೈಕಟ್ಟಿ ನಿಂತಿದ್ದಾರೆ ಪ್ರಭು. ಡಂಗುರದಲ್ಲಿ ಸಿಪಾಯಿಗಳಿಗೆ ವಿನಾಯಿತಿ ಇರಲಿಲ್ಲ. ಈಗ ಅಪ್ಪಣೆಯಾದರೂ ಊರು ತುಂಬಿದ ಕೊಂಬೆ ಸರಿಸಲು ಅವರಷ್ಟೇ ಸಾಲರು.”

“ಮಲ್ಲರಾಜನ ಆಳುಗಳು?”

“ನಾಲ್ಕು ಜನ ಇದ್ದಾರೆ. ಛಡಿ ಬೀಸಿ ಅಭ್ಯಾಸ, ಮರ ಎತ್ತಿ ಅಭ್ಯಾಸವಿಲ್ಲ.”

ಬೆಟ್ಟದ ಬುಡದಿಂದ ಗಂಡಿನ ಕಡೆಯವರ ಡೋಲಿನ ಸದ್ದು ಕೇಳತೊಡಗಿತು. ದೊರೆ ಬೆವರಿದ. ಬೊಮ್ಮರಸನಿಗೆ ಕರೆ ಹೋಯಿತು.

ಬೊಮ್ಮರಸ ಏದುಸಿರು ಬಿಡುತ್ತ ಬಂದ. ಪೇಟಕ್ಕೆ ಸಿಕ್ಕಿಕೊಂಡಿದ್ದ ಒಂದು ಒಣಕಡ್ಡಿಯನ್ನು ಎರಡು ಬೆರಳಲ್ಲಿ ಬಿಡಿಸಿ ದೊರೆಯ ಪಾದದ ಬಳಿ ಇಟ್ಟ. “ಅರಮನೆಯ ಸೊತ್ತು, ಪ್ರಭು. ತಾನಾಗಿ ಅಂಟಿಕೊಂಡು ಬಂದದ್ದು, ನಾನು ಕದ್ದದ್ದಲ್ಲ.”

“ತಮಾಷೆ ಸಾಕಯ್ಯ. ದಾರಿ ಬಿಡಿಸುವ ಉಪಾಯ ಹೇಳು.”

“ಹೊತ್ತವರಿಗೇ ಸೌದೆ ಅನ್ನಿ. ಬೀಗರು ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ದಾರಿ ಸಾಫಾಗುತ್ತದೆ.”

“ಹಾಗೇ ಆಗಲಿ.”

“ಇವತ್ತಿಗೆ ಮಾತ್ರವೋ? ನಾಳೆ ಛಡಿ ಬೀಳುವುದಾದರೆ ಇವತ್ತು ಯಾರು ಮುಟ್ಟುತ್ತಾರೆ, ಪ್ರಭು?”

ಡೋಲು ಇನ್ನಷ್ಟು ಹತ್ತಿರವಾಯಿತು. “ಎಂದೆಂದಿಗೂ ಅಂತ ಸಾರಿಸು,” ಎಂದ ದೊರೆ.

ಪಕ್ಕದಲ್ಲೇ ಕೂತಿದ್ದ ಮಲ್ಲರಾಜ ಎದ್ದು ನಿಂತ. “ಭಾವ, ನಾಳೆ ಇವರು ಹಸಿ ಮರ ಕಡಿದು, ಬಿದ್ದದ್ದು ಅನ್ನುತ್ತಾರೆ. ಕಾಡು ಬೋಳಾಗುತ್ತದೆ.”

“ಅದು ನ್ಯಾಯವಾದ ಮಾತು,” ಎಂದ ಬೊಮ್ಮರಸ, ಕೈಮುಗಿದು. “ಕಾಡಿನೊಳಗೆ ಯಾರೂ ಕೊಡಲಿ ಒಯ್ಯುವುದು ಬೇಡ. ಕೈಯಲ್ಲಿ ಪಟ್ಟನೆ ಮುರಿದರೆ ಅದು ಒಣಗಿದ್ದು, ತರಲಿ. ಬಳುಕಿದರೆ ಹಸಿ, ಅಲ್ಲೇ ಬಿಡಲಿ. ಯಾರ ಬಳಿ ಹಸಿ ಸೌದೆ ಸಿಕ್ಕೀತೋ ಅವರಿಗೆ ಛಡಿಯೇಟು ಇದ್ದೇ ಇರಲಿ. ಮಲ್ಲರಾಜರೇ, ಇದಕ್ಕೆ ನಿಮ್ಮ ಒಪ್ಪಿಗೆ ಇದೆಯಷ್ಟೆ?”

ತನ್ನ ಮಂಡಿಯಲ್ಲಿ ಸೂರು ಮುಟ್ಟುವಂತೆ ಪೇರಿಸಿಟ್ಟ ಹಸಿ ಸೌದೆ ಮಲ್ಲರಾಜನಿಗೆ ನೆನಪಾಯಿತು. ಒಂದು ಹೆಜ್ಜೆ ಹಿಂದೆ ಸರಿದ.

“ಯಾಕೆ, ಒಪ್ಪಿಗೆ ಇಲ್ಲವೇ?” ಎಂದು ದೊರೆ ಅವನ ಮುಖ ನೋಡಿದ. ನೋಡುತ್ತ ನೋಡುತ್ತ, ಹಸಿ ಮರ ಕಡಿಯುತ್ತಿರುವವನು ಯಾರೆಂದು ದೊರೆಗೆ ಅರ್ಥವಾಯಿತು. “ಅದನ್ನೂ ಸಾರಿಸು,” ಎಂದ.

ಡಂಗುರದ ಸದ್ದು ಮುಗಿಯುವ ಮೊದಲೇ ಊರಿಗೆ ಊರೇ ಬೀದಿಗಿಳಿಯಿತು. ಕೊಂಬೆಗಳು ಹೋದವು, ಚಕ್ಕೆಗಳು ಹೋದವು, ಬಚ್ಚಲ ಒಲೆಗೆಂದು ತರಗೆಲೆಯೂ ಹೋಯಿತು. ದ್ಯಾವವ್ವ ಇಬ್ಬರು ಸಿಪಾಯಿಗಳನ್ನು ಗದರಿಸಿ ಮತ್ತಿಮರದ ದಪ್ಪ ತುಂಡೊಂದನ್ನು ಬಾಣಂತಿಯ ಮನೆಗೆ ಹೊರಿಸಿಕೊಂಡು ಹೋದಳು. ಬೀಗರು ಬಂದಾಗ ಗುಡಿಸಿಟ್ಟಂಥ ದಾರಿ ನೋಡಿ, ಇಲ್ಲಿಯ ಜನಕ್ಕೆ ದೊರೆಯ ಮೇಲೆ ಎಷ್ಟು ಭಕ್ತಿ ಎಂದು ಮೆಚ್ಚಿಕೊಂಡರು.

ಸಂಜೆ ಬೀಗರು ವಿಶ್ರಾಂತಿಗೆ ಹೋದ ಮೇಲೆ ದೊರೆ ಬೊಮ್ಮರಸನನ್ನು ಒಬ್ಬನನ್ನೇ ಕರೆಸಿದ.

“ಮಲ್ಲರಾಜನ ಪಾರುಪತ್ಯ ತೆಗೆದುಹಾಕಿದ್ದೇನೆ. ಅದಿರಲಿ. ನೀನು ಮನೆ ಮನೆ ತಿರುಗಿ ಜನರನ್ನು ಎತ್ತಿಕಟ್ಟಿದೆಯಂತೆ. ಏನು ಹೇಳಿಕೊಟ್ಟೆ? ನಿಜ ಹೇಳು.”

ಬೊಮ್ಮರಸ ತಲೆ ತಗ್ಗಿಸಿದ.

“ದೊರೆಯ ಅಪ್ಪಣೆಯನ್ನು ಚಾಚೂ ತಪ್ಪದೆ ಪಾಲಿಸಿ ಎಂದೆ, ಪ್ರಭು. ಅದು ರಾಜದ್ರೋಹವಾಗಿದ್ದರೆ ಶಿಕ್ಷೆ ಕೊಡಿ.”

ದೊರೆ ನಗು ತಡೆಯಲು ನೋಡಿದ, ಆಗಲಿಲ್ಲ. ಪಕ್ಕದ ಕೋಣೆಯಲ್ಲಿ ಮಲಗಿದ್ದ ಬೀಗರೆಲ್ಲ ಎದ್ದು ಕುಳಿತರಂತೆ.