ಹಿತ್ತಾಳೆಯ ತೇಪೆ

ಕರಿಮಟ್ಟಿಯ ಮಠದ ಹಿಂದಿನ ಹುಲ್ಲಿನ ಚಪ್ಪರದಲ್ಲಿ, ಬರಿಯ ಗೋಣಿತಟ್ಟಿನ ಮೇಲೆ ಕುಳಿತು ಪೂಜ್ಯ ನಿರಾಳಪ್ಪಜ್ಜನವರು ಮರಗೆಲಸ ಮಾಡುತ್ತಿದ್ದರು. ಅದೇ ಅವರ ಜಪ. ಆ ದಿನ ಬಡ ಬಾಣಂತಿಯೊಬ್ಬಳ ತೊಟ್ಟಿಲು ಅವರ ಮುಂದಿತ್ತು. ಅದರ ಬಾಗಿದ ಅಂಚಿನಲ್ಲಿ ಮರ ನುಣುಪು ಮಾಡುವ ದೊಡ್ಡ ಉಜ್ಜುಗೊರಡು ಆಡುತ್ತಿರಲಿಲ್ಲ. ಕೂಸಿನ ಮೈಗೆ ಸಿಬಿರು ತಾಗೀತೆಂದು ಅಜ್ಜನವರು ಹೆಬ್ಬೆರಳುದ್ದದ ಪುಟ್ಟ ಉಜ್ಜುಗೊರಡೊಂದನ್ನೇ ಮಾಡಲು ಕುಳಿತಿದ್ದರು. ಒಂದು ತುಂಡು ಬೀಟೆ ಮರ, ಹಳೆಯ ಗರಗಸದಿಂದ ತೆಗೆದ ಅಲಗು, ಇಷ್ಟೇ ಸಾಮಗ್ರಿ.

ಅಲ್ಲಿಗೆ ದೇವೇಂದ್ರಪ್ಪ ಬಡಿಗೇರ ಬಂದನು. ಸುತ್ತಲಿನ ಊರುಗಳಲ್ಲಿ ಅವನಂಥ ಕೆಲಸಗಾರನಿರಲಿಲ್ಲ, ಅವನಂಥ ಜಂಬದವನೂ ಇರಲಿಲ್ಲ. "ಕಾವಿ ಉಟ್ಟವರ ಕೈಯಾಗ ಉಳಿ ಹೆಂಗ ಆಡತೈತಿ ನೋಡೂಣು" ಎಂದುಕೊಂಡೇ ಬಂದಿದ್ದ. ಆದರೆ ಅವನ ಎದೆಯಲ್ಲೊಂದು ಮುಳ್ಳಿತ್ತು. ಹಿಂದಿನ ವರ್ಷ ಊರ ಗೌಡರ ಹೊಸ ಮನೆಯ ಹೊಸ್ತಿಲನ್ನು ಎರಡು ಬೆರಳು ಗಿಡ್ಡ ಕೊಯ್ದವನು ತಾನೇ. ತಪ್ಪನ್ನು ಜೊತೆಗೆ ಕೆಲಸ ಮಾಡುತ್ತಿದ್ದ ತಮ್ಮ ನಾಗಲಿಂಗನ ತಲೆಗೆ ಕಟ್ಟಿದ್ದ. ತಮ್ಮನ ಕೈಗುಣ ನೆಟ್ಟಗಿಲ್ಲವೆಂದು ಊರವರು ಕೆಲಸ ಕೊಡದಾದರು. ಪಾಪ, ನಾಗಲಿಂಗ ಹೆಂಡತಿಯೊಡನೆ ಪಕ್ಕದ ಹಳ್ಳಿ ಸೇರಿ ಹೊಲದ ಕೂಲಿಗೆ ಹೋಗುತ್ತಿದ್ದ.

ಅಜ್ಜನವರು ಅಲಗು ಇಳಿಯುವ ಬಾಯಿಯನ್ನು ಅರದಿಂದ ತಿಕ್ಕುತ್ತಿದ್ದರು. ಒಂದೆಳೆ ಹೆಚ್ಚಾಯಿತು. ಬಾಯಿ ಅಗಲವಾದರೆ ಉಜ್ಜುಗೊರಡು ಮರವನ್ನು ನುಣುಪು ಮಾಡದೆ ಕಿತ್ತುಹಾಕುತ್ತದೆ. ದೇವೇಂದ್ರಪ್ಪ ಅದನ್ನು ಕಂಡು ಮೀಸೆಯಲ್ಲೇ ನಕ್ಕ. ಸುತ್ತ ಕುಳಿತಿದ್ದ ಭಕ್ತರಿಗೆ ತಡೆದೀತೆ? "ಮರಾನ ಛಲೋ ಇಲ್ಲ ಬಿಡ್ರಿ, ಅಜ್ಜಾರ" ಎಂದರು. ನಮ್ಮ ಭಕ್ತಿಯೇ ಹಾಗೆ, ಗುರುಗಳಿಗೆ ಬೇಡವಾದ ಮರ್ಯಾದೆಯನ್ನೂ ಕಾಯಲು ಹೋಗುತ್ತದೆ.

"ಮರ ಛಲೋ ಐತಿ. ತಪ್ಪಿದ್ದು ನನ್ನ ಕೈ" ಎಂದರು ಅಜ್ಜನವರು, ನಗುನಗುತ್ತಲೇ.

ತೂತುಬಿದ್ದ ಹಿತ್ತಾಳೆ ತಂಬಿಗೆಯಿಂದ ಚೂರು ಕತ್ತರಿಸಿ, ತಟ್ಟಿ ಸಮಮಾಡಿ, ಬಾಯಿಯ ಮುಂಬದಿಗೆ ಕೂರಿಸಿ ಎರಡು ಸಣ್ಣ ಮೊಳೆ ಬಡಿದರು. ಬೆಣೆ ಬಿಗಿದು ತೊಟ್ಟಿಲಿನ ಅಂಚಿಗೆ ಆಡಿಸಿದರೆ, ಈರುಳ್ಳಿ ಸಿಪ್ಪೆಯಂಥ ತೆಳು ಸುರುಳಿ ಎದ್ದು ಬಂತು. ದೇವೇಂದ್ರಪ್ಪನ ನಗು ಅಷ್ಟರಲ್ಲಿ ಎಲ್ಲೋ ಹೋಗಿತ್ತು.

"ಇಷ್ಟ ಮಂದಿ ಮುಂದ ತಪ್ಪು ಒಪ್ಪಿಕೊಂಡ್ರಲ್ಲ, ಮರ್ಯಾದಿ ಹೋಗೂದಿಲ್ಲೇನ್ರಿ ಅಜ್ಜಾರ?" ಎಂದು ಮೆಲ್ಲಗೆ ಕೇಳಿದ.

"ತಪ್ಪು ಎಲ್ಲೈತೋ ಅಲ್ಲೇ ತ್ಯಾಪಿ ಹಚ್ಚಬೇಕಪ್ಪಾ. ಮಗ್ಗಲಕ ಹಚ್ಚಿದ್ರ ಮರ ಕೀಳೂದು ನಿಲ್ಲಂಗಿಲ್ಲ."

ದೇವೇಂದ್ರಪ್ಪ ಅಡ್ಡಬಿದ್ದು ಎದ್ದವನು ಮನೆಗೆ ಹೋಗಲಿಲ್ಲ. ಗೌಡರ ಕಟ್ಟೆಗೆ ಹೋಗಿ, ಕುಳಿತವರೆಲ್ಲರ ಎದುರು, "ಹೊಸ್ತಿಲು ಕೆಡಿಸಿದವ ನಾನ, ನನ್ನ ತಮ್ಮ ಅಲ್ಲ" ಎಂದು ಹೇಳಿದ. ಹೊತ್ತು ಇಳಿಯುವ ಮೊದಲೇ ತಮ್ಮನ ಅಂಗಳದಲ್ಲಿ ನಿಂತಿದ್ದ.

ನಾಗಲಿಂಗ ಎಲ್ಲವನ್ನೂ ಕೇಳಿ, "ಕೊಯ್ದವ ನೀನ ಅಂತ ನನಗ ಅವತ್ತ ಗೊತ್ತಿತ್ತಣ್ಣಾ" ಎಂದ.

"ಮತ್ಯಾಕ ಸುಮ್ನಿದ್ದೋ?"

"ನಾ ಹೇಳಿದ್ರ ನಿನಗ ಕೆಲಸ ತಪ್ಪತಿತ್ತು."

ದೇವೇಂದ್ರಪ್ಪ ತಮ್ಮನ ಎರಡೂ ಕೈಗಳನ್ನು ಹಿಡಿದುಕೊಂಡು, ತಾನು ಹಿರಿಯನೆಂಬುದನ್ನೂ ಮರೆತು, ಅವುಗಳಿಗೆ ಹಣೆ ಹಚ್ಚಿ ಅತ್ತನು.